ಚಿಲ್ಲರೆಯಲ್ಲಿ ಟಂಕಸಾಲೆಯ ತಪ್ಪು: ಹುಡುಕುವುದು ಹೇಗೆ, ಬೆಲೆ ತಿಳಿಯುವುದು ಹೇಗೆ?

ಹೂ ಮಾರುವ ಅಜ್ಜಿ ಕೊಟ್ಟ ಚಿಲ್ಲರೆಯಲ್ಲಿ ಒಮ್ಮೆ ವಿಚಿತ್ರವಾದ ಎರಡು ರೂಪಾಯಿ ನಾಣ್ಯ ಬಂತು. ಇಲಿ ಬಿಸ್ಕತ್ತು ಕಡಿದ ಹಾಗೆ ಅದರ ಅಂಚಿನಲ್ಲಿ ಅರ್ಧಚಂದ್ರದಷ್ಟು ತುಂಡು ಇರಲಿಲ್ಲ. ‘ಬ್ಯಾಡಾಂದ್ರೆ ಬದ್ಲಾಯಿಸ್ಕೊಡ್ತೀನಿ ಕಣಪ್ಪಾ’ ಎಂದರು ಅಜ್ಜಿ. ನಾನು ಬೇಡವೆಂದು ಜೇಬಿಗಿಳಿಸಿದೆ. ಅದು ಯಾರೋ ಕತ್ತರಿಸಿದ ನಾಣ್ಯವೇ, ಹುಟ್ಟುವಾಗಲೇ ಹಾಗಿದ್ದದ್ದೇ? ಎರರ್ ಕಾಯಿನ್, ಅಂದರೆ ಟಂಕಸಾಲೆಯಲ್ಲಿ ಅಚ್ಚಾಗುವಾಗಲೇ ತಪ್ಪಾದ ನಾಣ್ಯ, ಹುಡುಕುವವರು ಪ್ರತಿಸಲ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಬೆಲೆಯ ಮಾತು ಆಮೇಲೆ.

ಬೇಕಾಗುವ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಅಯಸ್ಕಾಂತ, ಗ್ರಾಮಿನ ನೂರನೇ ಭಾಗವನ್ನೂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಕಿಟಕಿ ಪಕ್ಕದ ಬೆಳಕು. ಮನೆಯ ಸಾಸಿವೆ ಡಬ್ಬಿಯಿಂದಲೇ ಶುರುಮಾಡಿ. ಅದು ಮುಗಿದ ಮೇಲೆ ಪರಿಚಯದ ಕಿರಾಣಿ ಅಂಗಡಿಯವರ ಗಲ್ಲಾಪೆಟ್ಟಿಗೆ.

ಮೊದಲು ಸರಿಯಾದ ನಾಣ್ಯವನ್ನು ಗುರುತು ಹಿಡಿಯಿರಿ

ತಪ್ಪು ಕಾಣಬೇಕಾದರೆ ಸರಿ ಯಾವುದೆಂದು ಗೊತ್ತಿರಬೇಕು. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ‘ಗುರುತೇ ಇಲ್ಲದ ಅಪರೂಪದ ನಾಣ್ಯ’ ಎಂದು ಯಾರಾದರೂ ಹೇಳಿದರೆ ಅದು ಕೋಲ್ಕತ್ತಾದ ಸಾಮಾನ್ಯ ನಾಣ್ಯ, ಅಷ್ಟೇ. ಕೆಲವು ವರ್ಷ ನಮ್ಮ ನಾಣ್ಯಗಳು ಹೊರದೇಶದಲ್ಲೂ ಅಚ್ಚಾಗಿವೆ. 1985ರ ಒಂದು ರೂಪಾಯಿಯ ಮೇಲಿನ ‘ಎಚ್’ ಅಕ್ಷರ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ಗುರುತು, ದೋಷವಲ್ಲ.

ವಿನ್ಯಾಸ ವಿಚಿತ್ರವಾಗಿ ಕಂಡ ಮಾತ್ರಕ್ಕೂ ಅದು ಎರರ್ ಅಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, 1912ರಲ್ಲಿ ಚಿತ್ರ ತಿದ್ದಿದರು. ಅದಕ್ಕೆ ‘ಪಿಗ್ ರೂಪಿ’ ಎಂಬ ಹೆಸರೇ ನಿಂತಿದೆ. ಆದರೂ ಅದು ಕಲಾವಿದನ ಕೈಯದು, ಯಂತ್ರದ್ದಲ್ಲ.

ನೋಡುವ ಕ್ರಮ

ನಾಣ್ಯದ ಮೇಲ್ತುದಿ, ಕೆಳತುದಿಗಳನ್ನು ಎರಡು ಬೆರಳಲ್ಲಿ ಹಿಡಿದು, ಸಿಂಹದ ಮುಖ ನೆಟ್ಟಗಿರುವಂತೆ ಮಾಡಿ, ಬಾಗಿಲು ತಿರುಗಿಸಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ಈಗಿನ ನಾಣ್ಯಗಳಲ್ಲಿ ಹಿಂದಿನ ಮುಖವೂ ನೆಟ್ಟಗೇ ಬರಬೇಕು. ವಾರೆಯಾಗಿಯೋ ತಲೆಕೆಳಗಾಗಿಯೋ ಬಂದರೆ, ಎರಡು ಮುಖಗಳ ಚಿತ್ರ ಒತ್ತುವ ಎರಡು ಅಚ್ಚುಗಳಲ್ಲಿ ಒಂದು ಸಡಿಲಗೊಂಡು ತಿರುಗಿತ್ತೆಂದು ಅರ್ಥ. ನನ್ನ ಕೈಗೆ ಅತಿ ಹೆಚ್ಚು ಸಿಕ್ಕಿರುವುದು ಇದೇ ದೋಷ.

ಆಮೇಲೆ ಅಂಚು. ಲೋಹದ ಪಟ್ಟಿಯಿಂದ ಬಿಲ್ಲೆ (ಇನ್ನೂ ಚಿತ್ರ ಒತ್ತದ ತುಂಡು) ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹೊಸ ಬಿಲ್ಲೆ ಹಳೇ ತೂತಿನ ಮೇಲೆ ಬಿದ್ದು ಅರ್ಧಚಂದ್ರಾಕಾರದ ತುಂಡು ಹೋಗುತ್ತದೆ. ಅಚ್ಚು ಒತ್ತುವಾಗ ಸುತ್ತ ಹಿಡಿದುಕೊಳ್ಳುವ ಬಳೆ ಇಲ್ಲದಿದ್ದರೆ ನಾಣ್ಯ ಚಪಾತಿಯಂತೆ ಅಗಲವಾಗುತ್ತದೆ. ಬಿಲ್ಲೆ ನಡುವೆ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಜಾರಿ, ಉಳಿದ ಜಾಗ ಖಾಲಿ. ಹತ್ತು ರೂಪಾಯಿಯಲ್ಲಿ ಹೊರಬಳೆಯೂ ನಡುಬಿಲ್ಲೆಯೂ ಅಚ್ಚಿನ ಏಟಿಗೆ ಬೆಸೆದುಕೊಳ್ಳುವುದರಿಂದ, ನಡುಬಿಲ್ಲೆ ಜಾರಿರುವುದನ್ನೂ ನೋಡಿ.

ಎಲ್ಲಕ್ಕಿಂತ ಸೋಜಿಗದ್ದು ಸಂಗ್ರಹಕಾರರು ‘ಲಖೀ’ ಎನ್ನುವ ನಾಣ್ಯ. ಒತ್ತಿದ ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಂಡಾಗ ಮುಂದಿನ ಬಿಲ್ಲೆ ಅದರ ಮೇಲೆ ಒತ್ತಿಸಿಕೊಳ್ಳುತ್ತದೆ. ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ತಿರುಗುಮುರುಗಾಗಿ, ತಗ್ಗಾಗಿ. ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ.

ನಿಜವೋ, ಮಾಡಿದ್ದೋ?

ಇಲ್ಲಿ ಆತುರ ಬೇಡ. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ತಗ್ಗಾದ ಗೆರೆ ಇದ್ದರೆ ಅದು ಆಮೇಲೆ ಬಿದ್ದ ಗೀರು. ಅಂಚು ತುಂಡಾದ ನಾಣ್ಯದಲ್ಲಿ ತುಂಡಿನ ನೇರ ಎದುರಿನ ಅಂಚನ್ನು ನೋಡಿ. ಬಿಲ್ಲೆಯ ಅಂಚು ಏರಿಸುವ ಯಂತ್ರಕ್ಕೆ ಒಂದು ಕಡೆ ಹಿಡಿತ ಸಿಗದಿದ್ದರೆ ಎದುರುಗಡೆಯೂ ಅಂಚು ಸರಿಯಾಗಿ ಏಳುವುದಿಲ್ಲ, ಮಾಸಿದಂತಿರುತ್ತದೆ. ಅಜ್ಜಿ ಕೊಟ್ಟ ನಾಣ್ಯದಲ್ಲಿ ಹಾಗೇ ಇತ್ತು. ಅರ ಹಾಕಿ ಉಜ್ಜಿದ್ದಾಗಿದ್ದರೆ ಎದುರಿನ ಅಂಚು ದಪ್ಪಗೆ ಚೆನ್ನಾಗಿಯೇ ಇರುತ್ತಿತ್ತು.

ಎರಡು ನಾಣ್ಯಗಳನ್ನು ವೈಸ್ ಎಂಬ ಬಿಗಿಯುವ ಉಪಕರಣದಲ್ಲಿಟ್ಟು ಅದುಮಿ ನಕಲಿ ಲಖೀ ಮಾಡುವವರಿದ್ದಾರೆ. ಅದರಲ್ಲಿ ತಗ್ಗು ಚಿತ್ರದ ಅಡಿಯಲ್ಲಿ ಮೊದಲಿದ್ದ ಚಿತ್ರ ಅಪ್ಪಚ್ಚಿಯಾಗಿ ಇಣುಕುತ್ತದೆ. ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಬಂದರೆ ಎರಡು ನಾಣ್ಯ ಕೊರೆದು ಕೂಡಿಸಿದ್ದೋ ಎಂದು ಅಂಚಿನ ಒಳಸುತ್ತಿನಲ್ಲಿ ಬೆಸುಗೆಯ ಗೆರೆ ಹುಡುಕಿ.

ತೂಕವೂ ಸಾಕ್ಷಿ ಹೇಳುತ್ತದೆ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ. ಚಿತ್ರ ತೆಳುವಾಗಿ, ತೂಕವೂ ತೀರಾ ಇಳಿದಿದ್ದರೆ ಯಾರೋ ಆ್ಯಸಿಡ್ಡಿನಲ್ಲಿ ಅದ್ದಿ ಕರಗಿಸಿದ್ದಾರೆಂಬ ಗುಮಾನಿ ಇಟ್ಟುಕೊಳ್ಳಿ. ಇವೆರಡೂ ಉಕ್ಕಿನವು, ಅಯಸ್ಕಾಂತಕ್ಕೆ ಅಂಟಬೇಕು. ಅಂಟದಿದ್ದರೆ ಬೇರೆ ಲೋಹದ ಬಿಲ್ಲೆಯೋ ಎಂದು ತಿಳಿದವರಿಗೆ ತೋರಿಸಿ.

ಬೆಲೆ ಕಟ್ಟುವ ಬಗೆ

ಎರರ್ ನಾಣ್ಯಗಳು ಒಂದರಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ನಿಗದಿತ ದರವಿಲ್ಲ. ಕೈಯಳತೆ ದೂರದಿಂದಲೇ ಕಾಣುವ ದೋಷಕ್ಕೆ ಬೆಲೆ, ಭೂತಗನ್ನಡಿಯಲ್ಲಷ್ಟೇ ಕಾಣುವುದಕ್ಕೆ ಕಡಿಮೆ. ಹತ್ತಿಪ್ಪತ್ತು ಡಿಗ್ರಿ ತಿರುಗಿದ ಅಚ್ಚಿಗೆ ಮುಖಬೆಲೆಗಿಂತ ಹೆಚ್ಚೇನೂ ಹುಟ್ಟುವುದಿಲ್ಲ. ಪೂರ್ತಿ ತಲೆಕೆಳಗಾದದ್ದನ್ನು ತೆಗೆದಿಡಿ. ಚಿತ್ರ ಅರ್ಧದಷ್ಟು ಜಾರಿದ್ದರೂ ಇಸವಿ ಓದಲು ಬಂದರೆ ಕೊಳ್ಳುವವರ ಕಣ್ಣರಳುತ್ತದೆ. ಸವೆಯದ ನಾಣ್ಯಕ್ಕೆ ಸವೆದದ್ದಕ್ಕಿಂತ ಬೇಡಿಕೆ ಜಾಸ್ತಿ.

ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ, ಮಾರಾಟವಾದ ಬೆಲೆಯನ್ನು ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾದಂಥ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳಲ್ಲಿ ನಿಮ್ಮ ನಾಣ್ಯಕ್ಕೆ ಹತ್ತಿರವಾದುದನ್ನು ಹುಡುಕಿ. ನಾಣ್ಯ ಪ್ರದರ್ಶನಗಳಿಗೆ ಹೋಗಿ ಮೂವರಿಗಾದರೂ ತೋರಿಸಿ. ವ್ಯಾಪಾರಿ ತನ್ನ ಲಾಭ ಬಿಟ್ಟೇ ಕೊಳ್ಳುವುದರಿಂದ ಹರಾಜಿನ ಮೊತ್ತ ಅಂಗಡಿಯಲ್ಲಿ ಸಿಗುವುದಿಲ್ಲ.

ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಎಂಬ ವಿಡಿಯೊ ನೀವೂ ನೋಡಿರಬಹುದು. ಅದು ಚಲಾವಣೆಗೇ ಬಿಟ್ಟ ಸ್ಮಾರಕ ನಾಣ್ಯ, ದೋಷವಿಲ್ಲ, ಲಕ್ಷವೂ ಇಲ್ಲ. ಇಂಥ ಆಸೆ ತೋರಿಸಿ ‘ಮೊದಲು ಕಮಿಷನ್ ಕಳಿಸಿ’ ಎನ್ನುವವರಿಗೆ ಒಂದು ಪೈಸೆಯೂ ಕೊಡಬೇಡಿ. ತನ್ನ ಹೆಸರು ಬಳಸಿ ಹಳೇ ನಾಣ್ಯ, ನೋಟುಗಳ ವ್ಯವಹಾರದಲ್ಲಿ ಶುಲ್ಕ ಕೇಳುವವರಿದ್ದಾರೆ, ತಾನು ಅಂಥ ಕೆಲಸ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬಂದೀತು, ಆದರೆ ಮೂಲ ಮೇಲ್ಮೈ ಹೋಗಿ ಬೆಲೆ ಇಳಿಯುತ್ತದೆ. ಅಂಚಿನಲ್ಲಿ ಹಿಡಿದು, ಕಿಟಕಿಯಿರುವ ರಟ್ಟಿನ ಹೋಲ್ಡರಿನಲ್ಲಿಟ್ಟು, ಸಿಕ್ಕ ದಿನ ಮತ್ತು ಜಾಗವನ್ನು ರಟ್ಟಿನ ಮೇಲೆ ಬರೆದಿಡಿ. ನನ್ನ ಎರಡು ರೂಪಾಯಿಯ ರಟ್ಟಿನಲ್ಲಿ ‘ಹೂವಿನ ಅಜ್ಜಿ’ ಎಂದಿದೆ.