ಸೊಂಟ ನೋವು: ತಪ್ಪು ಬೆನ್ನಿನದೋ, ಚಪ್ಪೆ ಕೀಲಿನದೋ?

'ಸೊಂಟ ನೋವು' ಎಂದು ಬಂದವರಿಗೆ ನನ್ನ ಮೊದಲ ಮಾತು: ಬೆರಳಿಟ್ಟು ತೋರಿಸಿ. ನಮ್ಮ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ತೊಡೆಮೂಳೆಯ ಗುಂಡು ಕೂರುವ ಚಪ್ಪೆ ಕೀಲೂ ಸೊಂಟ. ಬೆರಳು ತೊಡೆಸಂದಿಗೂ ಹೋದರೆ, ಕಾಲುಚೀಲ ಹಾಕಿಕೊಳ್ಳುವುದೇ ಕಷ್ಟ ಎಂದರೆ, ಬೆನ್ನಿನ ಎಂಆರ್‌ಐ ಬದಿಗಿಟ್ಟು ಕೀಲು ನೋಡುತ್ತೇನೆ. ವಯಸ್ಸಾದವರ ಎಂಆರ್‌ಐಯಲ್ಲಿ ಸವೆದ ಡಿಸ್ಕ್ ಕಾಣದಿರುವುದೇ ಅಪರೂಪ. ನೋವಿಗೆಲ್ಲ ಅದೇ ಕಾರಣ ಎಂದುಕೊಂಡರೆ ಕೆಟ್ಟೆವು.

ಸವೆದ ಕೀಲಿನಲ್ಲಿ ತೊಡೆ ಪೂರ್ತಿ ಹಿಂದಕ್ಕೆ ಚಾಚುವುದಿಲ್ಲ. ಆಗ ನೆಟ್ಟಗೆ ನಿಲ್ಲಲು ಪೆಲ್ವಿಸ್ (ಬೆನ್ನುಮೂಳೆಗೂ ತೊಡೆಗೂ ನಡುವಿನ ಮೂಳೆಗೂಡು) ಮುಂದಕ್ಕೆ ವಾಲಿ ಬೆನ್ನು ಹೆಚ್ಚು ಒಳಬಾಗುತ್ತದೆ, ಬೆನ್ನುಮೂಳೆಯ ಹಿಂಬದಿಯ ಪುಟ್ಟ ಕೀಲುಗಳು ಒತ್ತಿಕೊಳ್ಳುತ್ತವೆ. 1983ರಲ್ಲಿ ಇದಕ್ಕೆ 'ಹಿಪ್-ಸ್ಪೈನ್ ಸಿಂಡ್ರೋಮ್' ಎಂಬ ಹೆಸರು ಬಂತು.

ಪರೀಕ್ಷೆಗೆ ಯಂತ್ರ ಬೇಡ. ಅಂಗಾತ ಮಲಗಿಸಿ, ಬೆನ್ನಿನಡಿ ಅಂಗೈ ಇಟ್ಟು, ನೋವಿಲ್ಲದ ಕಡೆಯ ಮಂಡಿಯನ್ನು ಎದೆಗೆ ತರಿಸುತ್ತೇನೆ. ಬೆನ್ನು ಅಂಗೈಯನ್ನು ಒತ್ತುವ ಹೊತ್ತಿಗೆ ಇನ್ನೊಂದು ತೊಡೆ ತಾನಾಗಿ ಮೇಲೆದ್ದರೆ, ಬಿಗಿತ ಕೀಲಿನದು. ತೊಡೆಯ ಒಳತಿರುವು 30 ಡಿಗ್ರಿಯಷ್ಟಾದರೂ ಇರಬೇಕು. ಸವೆತದಲ್ಲಿ ಮೊದಲು ಕಳೆದುಹೋಗುವುದು ಅದೇ.

ಇಷ್ಟಾದರೂ ಅನುಮಾನವಿದ್ದರೆ ಅಲ್ಟ್ರಾಸೌಂಡ್ ನೋಡುತ್ತ ಕೀಲಿನೊಳಗೆ 5 ಮಿ.ಲೀ. ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದು ಕೊಟ್ಟು, 20 ನಿಮಿಷದ ನಂತರ ನಡೆಸಿ ನೋಡುವುದು. ತೊಡೆಸಂದಿನ ಜೊತೆ ಬೆನ್ನೂ ಹಗುರಾದರೆ ಕೀಲು ಬದಲಾವಣೆಯಿಂದ ಬೆನ್ನಿಗೂ ಲಾಭ ಎಂದು ಧೈರ್ಯವಾಗಿ ಹೇಳಬಹುದು. ಸ್ಟೀರಾಯ್ಡ್ ಬೆರೆಸಿದರೆ ಮಾತ್ರ ಶಸ್ತ್ರಚಿಕಿತ್ಸೆಗೆ 3 ತಿಂಗಳು ಕಾಯಬೇಕು, ಸೋಂಕಿನ ಭಯ. ಮಂಡಿಯಿಂದ ಕೆಳಗೆ ಜೋಮು, ಪಾದದಲ್ಲಿ ಬಲಹೀನತೆ ಇದ್ದರೆ ದಾರಿ ಬೇರೆ, ಅದು ನರದ ಮಾತು. ಮೂತ್ರದ ಹಿಡಿತ ತಪ್ಪಿದರೆ ತುರ್ತು ಚಿಕಿತ್ಸೆಯೇ ಬೇಕು.

ಶಸ್ತ್ರಚಿಕಿತ್ಸೆಗೆ ಮುಂಚೆ ನಿಂತು ಮತ್ತು ಕೂತು ಪಕ್ಕದಿಂದ ಎಕ್ಸ್-ರೇ ತೆಗೆಸುವುದನ್ನು ನಾನು ಬಿಡುವುದಿಲ್ಲ. ಕೂತಾಗ ಪೆಲ್ವಿಸ್ ಸುಮಾರು 20 ಡಿಗ್ರಿ ಹಿಂದಕ್ಕೆ ವಾಲಬೇಕು. 10ಕ್ಕಿಂತ ಕಡಿಮೆಯಾದರೆ ಬೆನ್ನು ಸೆಟೆದಿದೆ ಎಂದರ್ಥ. ಅಂಥವರಿಗೆ ಮಾಮೂಲಿ ಕೋನದಲ್ಲಿ ಕೃತಕ ಕೀಲಿನ ಬಟ್ಟಲು ಕೂರಿಸಿದರೆ ಕೀಲು ಜಾರುವ ಅಪಾಯ ಹೆಚ್ಚು. ಕಾಲಿನ ಉದ್ದದಲ್ಲಿ 1 ಸೆಂ.ಮೀ. ಮೀರಿ ವ್ಯತ್ಯಾಸ ಬಂದರೆ ಪೆಲ್ವಿಸ್ ಓರೆಯಾಗಿ, ಹೋಗಬೇಕಿದ್ದ ಬೆನ್ನುನೋವು ಹೊಸದಾಗಿ ಶುರುವಾಗಬಹುದು.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ 'ಕಾಲು ಉದ್ದವಾಗಿದೆ' ಎಂಬ ದೂರು ಸಾಮಾನ್ಯ. ಎಷ್ಟೋ ಸಲ ಅದು ಸ್ನಾಯುಗಳ ಬಿಗಿತ. ಅವಸರಪಟ್ಟು ಚಪ್ಪಲಿ ಎತ್ತರಿಸಿದರೆ ಓರೆತನವೇ ಕಾಯಂ ಆದೀತು. ವೈದ್ಯರು ಒಪ್ಪಿದ ಮೇಲೆ ದಿನಕ್ಕೆರಡು ಸಲ 15 ನಿಮಿಷ ಬೋರಲು ಮಲಗಿದರೆ ತೊಡೆಯ ಮುಂಭಾಗ ಸಡಿಲವಾಗುತ್ತದೆ. ಮಂಡಿಯಡಿ ದಿಂಬಿಟ್ಟು ಮಲಗುವುದು ಹಾಯೆನಿಸುತ್ತದೆ ನಿಜ, ಆದರೆ ಬಿಡಿಸಿದ ಬಿಗಿತವನ್ನು ಆ ದಿಂಬೇ ವಾಪಸು ತರುತ್ತದೆ.