ನಿಂತ ಲೋಲಕದ ಗಡಿಯಾರ ಮತ್ತೆ ನಡೆಯಬೇಕೆಂದರೆ

ಹುಬ್ಬಳ್ಳಿ-ಧಾರವಾಡದ ಹಳೇ ಮನೆಗಳ ಪಡಸಾಲೆಯಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರಗಳು ಇನ್ನೂ ಕಾಣುತ್ತವೆ; ನಡೆಯುವುದು ಮಾತ್ರ ಅಪರೂಪ. ಯಾಕೆ ನಿಂತಿತು ಎಂದು ಕೇಳಿದರೆ ಸಿಗುವುದು ಒಂದೇ ಉತ್ತರ: "ಯಾರೋ ಕೀಲಿ ಜಾಸ್ತಿ ಕೊಟ್ರು, ಸ್ಪ್ರಿಂಗ್ ಬಿಗೀತು." ಇದನ್ನು ನಂಬಬೇಡಿ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡ ಮಾತ್ರಕ್ಕೆ ಗಡಿಯಾರ ನಿಲ್ಲುವುದಿಲ್ಲ. ಕೀಲಿ ತುಂಬಿದ್ದೂ ನಡೆಯುತ್ತಿಲ್ಲ ಎಂದರೆ ಒಳಗೆ ಬಲ ಇದೆ, ಅದು ಲೋಲಕದವರೆಗೆ ಬರುತ್ತಿಲ್ಲ ಎಂದರ್ಥ. ಎಲ್ಲಿ ತಡೆಯಾಗಿದೆ ಎಂದು ಕ್ರಮವಾಗಿ ಹುಡುಕಬೇಕು: ಮೊದಲು ಗೋಡೆ, ಆಮೇಲೆ ಸದ್ದು, ಆಮೇಲೆ ಮುಳ್ಳು, ಎಣ್ಣೆ ಕಟ್ಟಕಡೆಗೆ. ಎಣ್ಣೆಯಿಂದಲೇ ಶುರು ಮಾಡಿ ಕೆಡಿಸಿದ ಗಡಿಯಾರಗಳೇ ಹೆಚ್ಚು.

ಗೋಡೆ

ಲೋಲಕ ಅತ್ತಿತ್ತ ಆಡುವಾಗ ಪೆಟ್ಟಿಗೆಯೂ ಕೂದಲೆಳೆಯಷ್ಟು ಅಲುಗಿದರೆ ಸಾಕು, ಲೋಲಕಕ್ಕೆ ಸಿಗಬೇಕಾದ ಬಲ ಪೆಟ್ಟಿಗೆಗೆ ಹೋಗುತ್ತದೆ. ಮಣ್ಣಿನ ಗೋಡೆಗೆ ಬರೀ ಮೊಳೆ ಬಡಿದು ತೂಗುಹಾಕಿದಾಗ ಆಗುವುದು ಇದೇ. ಮೊಳೆಯ ಸುತ್ತಲಿನ ಮಣ್ಣು ಉದುರಿ ಮೊಳೆ ಸಡಿಲಾಗುತ್ತದೆ. ಮೂರು ಇಂಚು ಆಳಕ್ಕೆ ತೂತು ಕೊರೆದು, ಒಣಗಿದ ಗಟ್ಟಿ ಕಟ್ಟಿಗೆಯ ಗೂಟ ಬಡಿದು, ಅದಕ್ಕೆ ಎರಡೂವರೆ ಇಂಚಿನ ಸ್ಕ್ರೂ ಹಾಕಿ. ಸಿಮೆಂಟ್ ಗೋಡೆಯಾದರೆ 8 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ ಸಾಕು. ಪೆಟ್ಟಿಗೆಯ ಕೆಳತುದಿಯೂ ಗೋಡೆಗೆ ಒತ್ತಿ ನಿಲ್ಲಬೇಕು. ಬಾಗಿಲು ಬಡಿದುಕೊಳ್ಳುವ ಗೋಡೆ, ಒಲೆಯ ಹೊಗೆ ಬರುವ ಕಡೆ ಬೇಡ. ಜಿನ್ನಿಂಗ್ ಮಿಲ್ ಹತ್ತಿರದ ಮನೆಯಾದರೆ ಪೆಟ್ಟಿಗೆಯ ಸಂದುಗಳನ್ನು ಮುಚ್ಚಿ. ಅರಳೆಯ ಎಳೆ ಎಣ್ಣೆಗೆ ಅಂಟಿಕೊಂಡರೆ ಬಿಡುವುದಿಲ್ಲ.

ತೂಗುಹಾಕುವ ಮೊದಲು ಲೋಲಕ ಬಿಚ್ಚಿಡಿ. ಅದು ನೇತಾಡುವುದು ಮೇಲೆ ಒಂದು ತೆಳು ಉಕ್ಕಿನ ಪಟ್ಟಿಯಿಂದ. ಆ ಪಟ್ಟಿ ಮಡಚಿದ್ದರೆ, ತಿರುಚಿದ್ದರೆ ಲೋಲಕದ ತುದಿಯ ಬಿಲ್ಲೆ ನೆಟ್ಟಗೆ ಆಡದೆ ಹಾವಿನಂತೆ ಹೊರಳುತ್ತದೆ. ಅಂಥ ಪಟ್ಟಿಯನ್ನು ತಟ್ಟಿ ನೇರ ಮಾಡಲು ಹೋಗಬೇಡಿ, ಬದಲಿಸಿ. ಬಿಲ್ಲೆ ಹಿಂದಿನ ಹಲಗೆಗೂ ಮುಂದಿನ ಗಾಜಿಗೂ ತಾಗಬಾರದು. ಒಳಗೆ ಕಣಜ ಕಟ್ಟಿದ ಮಣ್ಣು, ಹಲ್ಲಿಯ ಮೊಟ್ಟೆ ಇದ್ದರೆ ಈಗಲೇ ತೆಗೆಯಿರಿ.

ಸದ್ದು

ನಿಂತ ಗಡಿಯಾರಗಳಲ್ಲಿ ಬಹಳಷ್ಟು ಇಲ್ಲೇ ಸರಿಯಾಗುತ್ತವೆ. ಲೋಲಕ ಆಡಿಸಿ, ಫ್ಯಾನ್ ಆರಿಸಿ, ಕಿವಿ ಕೊಟ್ಟು ಕೇಳಿ. "ಟಿಕ್" ಮತ್ತು "ಟಕ್" ನಡುವಿನ ಬಿಡುವು ಎರಡೂ ಕಡೆ ಒಂದೇ ಆಗಿರಬೇಕು. "ಟಿಕ್-ಟಕ್... ಟಿಕ್-ಟಕ್..." ಎಂದು ಕುಂಟುತ್ತಿದ್ದರೆ ಲೋಲಕಕ್ಕೆ ಒಂದು ಬದಿಯ ತಳ್ಳು ಬೇಗ, ಇನ್ನೊಂದು ಬದಿಯದು ತಡವಾಗಿ ಸಿಗುತ್ತಿದೆ, ಕೆಲವು ನಿಮಿಷ ನಡೆದು ನಿಲ್ಲುತ್ತದೆ. ಪೆಟ್ಟಿಗೆಯ ಕೆಳತುದಿಯನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಸ್ವಲ್ಪ ಸರಿಸುತ್ತ ಹೋಗಿ, ಸದ್ದು ಸಮವಾದಲ್ಲಿ ನಿಲ್ಲಿಸಿ, ಎರಡೂ ಬದಿಗೆ ಗೋಡೆ ಮೇಲೆ ಪೆನ್ಸಿಲ್ ಗುರುತು ಮಾಡಿ. ಕಿವಿಗೆ ಅನುಮಾನ ಬಂದರೆ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ, ಪರದೆಯ ಮೇಲಿನ ಏರಿಳಿತಗಳ ನಡುವಿನ ಅಂತರ ನೋಡಿ.

ಸದ್ದು ಸಮವಾಯಿತು, ಆದರೆ ಪೆಟ್ಟಿಗೆ ಕಣ್ಣಿಗೆ ಸೊಟ್ಟ ಕಾಣುತ್ತಿದೆಯೇ? ಲೋಲಕದ ಕಡ್ಡಿಯನ್ನು ತಳ್ಳುವ ತಂತಿಯನ್ನು ಬಗ್ಗಿಸಬೇಕು. ಕೆಳತುದಿಯನ್ನು ಎಡಕ್ಕೆ ಸರಿಸಿದ್ದರೆ ತಂತಿಯೂ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಒಂದು ಕೈಯಿಂದ ತಂತಿಯ ಬುಡವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ತುದಿಯನ್ನು ಒಂದು ಮಿಲಿಮೀಟರಿನಷ್ಟು ಬಗ್ಗಿಸಿ, ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಮತ್ತೆ ಕೇಳಿ. ಬುಡ ಹಿಡಿಯದೆ ಎಳೆದರೆ ಒಳಗಿನ ಸಣ್ಣ ಅಚ್ಚಿನ ತುದಿ ಮುರಿಯಬಹುದು.

ಕೀಲಿ ಮತ್ತು ಮುಳ್ಳು

ಎರಡು ತೂತಿನ ಗಡಿಯಾರದಲ್ಲಿ ಸಾಮಾನ್ಯವಾಗಿ ಬಲಗಡೆಯದು ನಡೆಯಲಿಕ್ಕೆ, ಎಡಗಡೆಯದು ಗಂಟೆ ಬಡಿಯಲಿಕ್ಕೆ. ಎಂಟು ದಿನದ ಗಡಿಯಾರಕ್ಕೆ ವಾರಕ್ಕೊಮ್ಮೆ, ಗೊತ್ತಾದ ದಿನವೇ ಕೀಲಿ ಕೊಡಿ. ನಿಮ್ಮೂರ ಸಂತೆಯ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ಸ್ಪ್ರಿಂಗ್ ಬಿಚ್ಚುತ್ತ ಬಂದಂತೆ ಬಲ ಇಳಿಯುತ್ತದೆ, ಲೋಲಕದ ಆಟ ಸಣ್ಣದಾಗುತ್ತದೆ, ವೇಳೆಯೂ ಬದಲಾಗುತ್ತದೆ. ಗಟ್ಟಿಯಾಗಿ ತಡೆಯುವವರೆಗೆ ತಿರುಗಿಸಿ, ಅಲ್ಲಿಂದ ಮುಂದೆ ಒತ್ತಾಯ ಬೇಡ. ಪ್ರತಿ ಸುತ್ತಿಗೂ "ಕಟಕ್" ಎಂದು ಹಲ್ಲು ಹಿಡಿದದ್ದು ಖಾತ್ರಿಯಾದ ಮೇಲೆಯೇ ಬೆರಳು ಸಡಿಲಿಸಿ. ಹಲ್ಲು ಜಾರಿದರೆ ಕೀಲಿ ತಿರುಗಿ ಬಂದು ಬೆರಳಿಗೆ ಬಡಿಯುತ್ತದೆ, ಆ ಪೆಟ್ಟು ಸಣ್ಣದಲ್ಲ.

ವೇಳೆ ಹೊಂದಿಸುವಾಗ ದೊಡ್ಡ ಮುಳ್ಳನ್ನು ಮುಂದಕ್ಕಷ್ಟೇ ತಿರುಗಿಸಿ. ಅರ್ಧ ತಾಸು, ತಾಸು ಬಂದಲ್ಲೆಲ್ಲ ಬಡಿದು ಮುಗಿಯುವವರೆಗೆ ಕಾಯಿರಿ. ಹತ್ತು ನಿಮಿಷ ಮುಂದಿದ್ದರೆ ಹಿಂದಕ್ಕೆ ತಿರುಗಿಸುವುದೇಕೆ? ಲೋಲಕ ಹಿಡಿದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಆಡಿಸಿ. ಮೂರು ಗಂಟೆಗೆ ಐದು ಬಡಿಯುತ್ತಿದ್ದರೆ, ಬಡಿದು ಮುಗಿದ ಮೇಲೆ ಸಣ್ಣ ಮುಳ್ಳನ್ನು ಬುಡದಲ್ಲಿ ಹಿಡಿದು ಐದಕ್ಕೆ ತನ್ನಿ, ನಂತರ ದೊಡ್ಡ ಮುಳ್ಳಿನಿಂದ ವೇಳೆ ಹೊಂದಿಸಿ. ಬಹುತೇಕ ಗಡಿಯಾರಗಳಲ್ಲಿ ಸಣ್ಣ ಮುಳ್ಳು ಒತ್ತಿ ಕೂರಿಸಿದ್ದಷ್ಟೇ ಆಗಿರುತ್ತದೆ.

ದಿನವೂ ಮುಳ್ಳು ಮುಳ್ಳಿನ ಮೇಲೆ ಬರುವ ಹೊತ್ತಿಗೇ ನಿಲ್ಲುತ್ತಿದ್ದರೆ ಅವು ಒಂದಕ್ಕೊಂದು ತಾಗುತ್ತಿವೆ. ತಾಸಿಗೆ ಐದಾರು ನಿಮಿಷ ಮೊದಲು ನಿಲ್ಲುತ್ತಿದ್ದರೆ ಗಂಟೆ ಬಡಿಯುವ ಸರಂಜಾಮನ್ನು ಎತ್ತುವ ಬಲ ಸಾಲುತ್ತಿಲ್ಲ.

ವೇಳೆ ಕೂರಿಸುವುದು

ಬಿಲ್ಲೆಯ ಕೆಳಗಿನ ನಟ್ ತಿರುಗಿಸಿ ಬಿಲ್ಲೆ ಮೇಲೇರಿಸಿದರೆ ಗಡಿಯಾರ ಓಡುತ್ತದೆ, ಇಳಿಸಿದರೆ ನಿಧಾನವಾಗುತ್ತದೆ. ಎಷ್ಟು ಎಂಬುದು ಲೋಲಕದ ಉದ್ದದ ಮೇಲೆ. ಸುಮಾರು 25 ಸೆಂ.ಮೀ. ಲೋಲಕದಲ್ಲಿ ಒಂದು ಮಿ.ಮೀ. ಸರಿದರೆ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷದ ವ್ಯತ್ಯಾಸ; ಸೆಕೆಂಡಿಗೊಮ್ಮೆ ಬಡಿಯುವ 99.4 ಸೆಂ.ಮೀ. ಲೋಲಕದಲ್ಲಿ 43 ಸೆಕೆಂಡು. ಹಾಗಾಗಿ ಸಣ್ಣ ಗಡಿಯಾರದ ನಟ್ಟಿಗೆ ಕಾಲು ಸುತ್ತೂ ದೊಡ್ಡದೇ. ಒಮ್ಮೆ ತಿರುಗಿಸಿ, 24 ತಾಸು ಬಿಟ್ಟು ಅದೇ ಹೊತ್ತಿಗೆ ನೋಡಿ ಬರೆದಿಡಿ. ದಿನಕ್ಕೆ ಮೂರು ಸಲ ನಟ್ ಮುಟ್ಟುವವರಿಗೆ ವೇಳೆ ಎಂದೂ ಕೂರುವುದಿಲ್ಲ.

ಹೋಲಿಸಲು ಮೊಬೈಲಿನ ತಾನಾಗಿ ಹೊಂದಿಕೊಳ್ಳುವ ಗಡಿಯಾರ ಸಾಕು. ಟಿವಿ, ಇಂಟರ್‌ನೆಟ್ ರೇಡಿಯೋ ಕೆಲವು ಸೆಕೆಂಡು ತಡ. ಅಂಗಳದ ನೆರಳಂತೂ ಬೇಡವೇ ಬೇಡ: ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಹುಬ್ಬಳ್ಳಿ ಇರುವುದು 75.1ರ ಸುಮಾರಿಗೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:30ಕ್ಕೆ. ಅದೂ ಸ್ಥಿರವಲ್ಲ, ಫೆಬ್ರುವರಿ ನಡುವೆ 12:44, ನವೆಂಬರ್ ಮೊದಲ ವಾರ 12:13ರ ಹತ್ತಿರ.

ಬೇಸಿಗೆಯಲ್ಲಿ ಕಡ್ಡಿ ಹಿಗ್ಗುತ್ತದೆ. 10 ಡಿಗ್ರಿ ಏರಿದರೆ ಉಕ್ಕಿನ ಕಡ್ಡಿಯ ಗಡಿಯಾರ ದಿನಕ್ಕೆ ಸುಮಾರು 5 ಸೆಕೆಂಡು, ಹಿತ್ತಾಳೆಯದು 8 ಸೆಕೆಂಡು ಹಿಂದೆ ಬೀಳುತ್ತದೆ. ವಾರಕ್ಕೆ ಒಂದು ನಿಮಿಷದೊಳಗೆ ಇದ್ದರೆ ಸುಮ್ಮನೆ ಬಿಡುವುದೇ ಜಾಣತನ.

ಎಣ್ಣೆ

ಮೇಲಿನದೆಲ್ಲ ಸರಿ ಇದ್ದೂ ಲೋಲಕದ ಆಟ ಕುಗ್ಗುತ್ತ ನಿಲ್ಲುತ್ತಿದ್ದರೆ ಮಾತ್ರ ಎಣ್ಣೆಯ ಮಾತು. ಅಚ್ಚಿನ ತುದಿಗಳ ಸುತ್ತ ಕಪ್ಪು ಅಥವಾ ಹಸಿರು ಜಿಡ್ಡು ಕಂಡರೆ ಅದರ ಮೇಲೆ ಹೊಸ ಎಣ್ಣೆ ಬಿಡಬೇಡಿ. ಬಿಚ್ಚಿ ತೊಳೆಯಬೇಕು, ಅದು ರಿಪೇರಿಯವರ ಕೆಲಸ. ತುಂಬಿದ ಸ್ಪ್ರಿಂಗ್ ಇರುವಾಗ ಚಕ್ರಗಳನ್ನು ಹಿಡಿದಿರುವ ತಟ್ಟೆಗಳ ಸ್ಕ್ರೂ ಸಡಿಲಿಸಿದರೆ ಚಕ್ರದ ಹಲ್ಲೂ ಹೋಗುತ್ತವೆ, ಕೈಗೂ ಗಾಯವಾಗುತ್ತದೆ. ಜಿಡ್ಡಿಲ್ಲದೆ ಬರೀ ಒಣಗಿದ್ದರೆ ಗಡಿಯಾರದ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ತೆಗೆದು, ಸಾಸಿವೆ ಕಾಳಿಗಿಂತ ಸಣ್ಣ ಹನಿಯನ್ನು ಪ್ರತಿ ಅಚ್ಚಿನ ತುದಿಗೆ ಮುಟ್ಟಿಸಿ. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡ. ಅಲ್ಲಿ ಧೂಳು ಕೂತು ಲೋಹವನ್ನು ಸವೆಸುತ್ತದೆ.

ಅಡುಗೆಮನೆಯ ಎಣ್ಣೆ ಯಾವುದೂ ಆಗದು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಷ್ ಆಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಧಾರವಾಡದ ಚಳಿಗಾಲದ ರಾತ್ರಿಗೆ ಅಷ್ಟು ಸಾಕು. ಸೀಮೆಎಣ್ಣೆ ಅದ್ದಿದ ಅರಳೆಯನ್ನು ಪೆಟ್ಟಿಗೆಯಲ್ಲಿಡುವ ಹಳೇ ಪದ್ಧತಿಯಿಂದ ವಾಸನೆ ಬರುತ್ತದೆ, ನಯ ಬರುವುದಿಲ್ಲ.

ರಿಪೇರಿಗೆ ಒಯ್ಯುವಾಗ ಲೋಲಕ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ತೂಗಾಡುತ್ತ ಹೋದರೆ ದಾರಿಯಲ್ಲೇ ಆ ಉಕ್ಕಿನ ಪಟ್ಟಿ ಮುರಿಯುತ್ತದೆ. ಕೀಲಿಯನ್ನೂ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತು ನಡೆದು ನಿಲ್ಲುತ್ತದೆ, ಮುಳ್ಳು ಎಲ್ಲಿದ್ದಾಗ ನಿಲ್ಲುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. "ಪೂರ್ತಿ ಬಿಚ್ಚಿ ತೊಳೀತೀರಾ, ಮೇಲಿಂದ ಎಣ್ಣೆ ಬಿಡ್ತೀರಾ?" ಎಂದು ದುಡ್ಡಿನ ಮಾತಿಗೆ ಮೊದಲೇ ಕೇಳಿ. ಪಟ್ಟಿ ಬದಲಿಸಿದರೆ ಹಳೆಯದನ್ನೂ ಕೇಳಿ ಪಡೆಯಿರಿ, ಮುಂದಿನ ಸಲ ಅಳತೆಗೆ ಬೇಕಾಗುತ್ತದೆ.