ಮಾನಿಟರ್ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಾನು ಓದಲು ಕಲಿತ ಬಗೆ

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ನನ್ನ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಮದುವೆ ಆಲ್ಬಂ ಇವೇ ಹೊಟ್ಟೆಪಾಡು. ಹಳೆಯ 21.5 ಇಂಚಿನ ಮಾನಿಟರ್ ಕೆಟ್ಟಾಗ, ಅಕ್ಷರಗಳು ಇನ್ನಷ್ಟು ಸ್ಪಷ್ಟವಾಗಿ ಕಾಣಲಿ ಎಂದು 27 ಇಂಚಿನದನ್ನು ತಂದಿದ್ದೆ. ಪೆಟ್ಟಿಗೆಯ ಮೇಲೆ ಫುಲ್ ಎಚ್‌ಡಿ ಎಂದಿತ್ತು. ಹಳೆಯದರ ಮೇಲೂ ಅದೇ ಇತ್ತೆಂಬುದನ್ನು ನಾನು ಗಮನಿಸಲಿಲ್ಲ.

ಆ ಮಾನಿಟರಿನಲ್ಲಿ ಮಾಡಿದ ಮೊದಲ ದೊಡ್ಡ ಕೆಲಸ ನಿವೃತ್ತ ಮೇಷ್ಟ್ರೊಬ್ಬರ ಮಗಳ ಲಗ್ನಪತ್ರಿಕೆ. ಇಡೀ ಪುಟವನ್ನು ಪರದೆಯ ಮೇಲೆ ಕೂರಿಸಿ ಇಬ್ಬರೂ ಓದಿದೆವು, ಒಪ್ಪಿಗೆಯಾಯಿತು, 500 ಪ್ರತಿ ಅಚ್ಚಾಯಿತು. ಕಟ್ಟು ಬಿಚ್ಚಿದ ಮೇಷ್ಟ್ರು ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು, "ಅಲ್ಲಪ್ಪಾ, 'ಧ'ಕ್ಕೆ ಹೊಟ್ಟೆ ಸೀಳೋದನ್ನೇ ಮರ್ತಿದ್ದೀಯಲ್ಲ" ಎಂದರು. ಟೈಪ್ ಮಾಡುವಾಗ ಶಿಫ್ಟ್ ಕೀಲಿ ತಪ್ಪಿ 'ವಧು' ಎಂಬುದು 'ವದು' ಆಗಿತ್ತು. ಟೈಪಿಸಿದ ತಪ್ಪು ಖಂಡಿತವಾಗಿ ನನ್ನದೇ, ಪತ್ರಿಕೆಗಳನ್ನು ಮತ್ತೆ ಅಚ್ಚು ಹಾಕಿಸಿದ್ದೂ ನನ್ನದೇ ಖರ್ಚಿನಲ್ಲಿ. ಆದರೆ ಅಂಗಡಿಗೆ ಹಿಂತಿರುಗಿ ಅದೇ ಪುಟವನ್ನು ತೆರೆದು ನೋಡಿದಾಗ, ಅಷ್ಟು ದೊಡ್ಡ ಪರದೆಯ ಮೇಲೆ ದ ಮತ್ತು ಧ ಎರಡೂ ಒಂದೇ ತರಹ ಕಾಣುತ್ತಿದ್ದವು.

ಕಾರಣ ಸರಳ ಲೆಕ್ಕದಲ್ಲಿತ್ತು. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಪರದೆ ಎಷ್ಟೇ ಹಿಗ್ಗಿದರೂ ಚುಕ್ಕೆಗಳ ಸಂಖ್ಯೆ ಹೆಚ್ಚುವುದಿಲ್ಲ, ಒಂದೊಂದು ಚುಕ್ಕೆಯೂ ದಪ್ಪವಾಗುತ್ತದೆ, ಅಷ್ಟೆ. 21.5 ಇಂಚಿನಲ್ಲಿ ಪ್ರತಿ ಇಂಚಿಗೆ ಸುಮಾರು 102 ಚುಕ್ಕೆಗಳಿದ್ದರೆ 27 ಇಂಚಿನಲ್ಲಿ ಅವು ಸುಮಾರು 82ಕ್ಕೆ ಇಳಿಯುತ್ತವೆ. ಮೆನು ಪಟ್ಟಿಗಳು ತಿನ್ನುವ ಜಾಗವನ್ನು ಕಳೆದು ಎ4 ಪುಟವನ್ನು ಪೂರ್ತಿಯಾಗಿ ಕೂರಿಸಿದರೆ, 10 ಪಾಯಿಂಟಿನ ಸಾಲೊಂದಕ್ಕೆ ಒತ್ತಕ್ಷರವೂ ಸೇರಿ ಸಿಗುವ ಎತ್ತರ ಹೆಚ್ಚುಕಡಿಮೆ 11 ಚುಕ್ಕೆ. ಇಂಗ್ಲಿಷ್ ಅಕ್ಷರಗಳು ಅಷ್ಟರಲ್ಲೇ ಬದುಕಿಕೊಳ್ಳುತ್ತವೆ. ತಲೆಕಟ್ಟು, ಗುಣಿತ, ಕೆಳಗೊಂದು ಒತ್ತು, ಮಹಾಪ್ರಾಣದ ಸೀಳು ಇವಿಷ್ಟನ್ನೂ ಹೊರಬೇಕಾದ ಕನ್ನಡಕ್ಕೆ ಅದು ಸಾಲುವುದಿಲ್ಲ. ಅದೇ 27 ಇಂಚಿನಲ್ಲಿ 2560×1440 ಚುಕ್ಕೆಗಳಿದ್ದರೆ ಇಂಚಿಗೆ ಸುಮಾರು 109 ಆಗುತ್ತದೆ, ಅದೇ ಸಾಲಿಗೆ 15ರಷ್ಟು ಚುಕ್ಕೆ ಸಿಗುತ್ತದೆ. ಹೀಗಾಗಿ ಮುಂದಿನ ಮಾನಿಟರಿಗೆ ಹುಡುಕಲು ಹೊರಟಾಗ ನನ್ನ ಮೊದಲ ಷರತ್ತು ಇಂಚುಗಳಲ್ಲ, ಈ ಸಂಖ್ಯೆಯಾಗಿತ್ತು.

ಇದಕ್ಕಿಂತಲೂ ಹೆಚ್ಚು ಚುಕ್ಕೆಗಳಿರುವ 4ಕೆ ಪರದೆ ಏಕೆ ಬೇಡವೆಂದು ಹಲವರು ಕೇಳಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಕಳಿಸುವ ಕಿಂಡಿ ಹಳೆಯ ಎಚ್‌ಡಿಎಂಐ 1.4ರದ್ದು, ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ, ಮೌಸ್ ಎಳೆದರೆ ಎತ್ತಿನ ಗಾಡಿಯ ಹಾಗೆ ಹಿಂದೆ ಉಳಿಯುತ್ತದೆ. ಜೊತೆಗೆ ನಾನು ಬಳಸುವ ಹಳೆಯ ಡಿಟಿಪಿ ತಂತ್ರಾಂಶದ ಮೆನು ಅಕ್ಷರಗಳು 4ಕೆಯಲ್ಲಿ ಸಾಸಿವೆಯಷ್ಟಾಗುತ್ತವೆ.

ಎರಡನೆಯ ಷರತ್ತು ಪ್ಯಾನೆಲ್ಲಿನ, ಅಂದರೆ ಚಿತ್ರ ಮೂಡಿಸುವ ಫಲಕದ, ಜಾತಿ. ಟಿಎನ್, ವಿಎ, ಐಪಿಎಸ್ ಎಂದು ಮೂರು ಬಗೆ. ಆಲ್ಬಂ ನೋಡಲು ಯಾರೂ ಒಬ್ಬರೇ ಬರುವುದಿಲ್ಲ. ಹುಡುಗಿ ಪರದೆಯ ಎದುರಿಗೆ ಕುಳಿತರೆ ಅವಳ ಚಿಕ್ಕಮ್ಮ ಎಡಕ್ಕೆ, ಸೋದರಮಾವ ಬೆನ್ನ ಹಿಂದೆ ನಿಂತಿರುತ್ತಾರೆ, ಮೂವರಿಗೂ ಸೀರೆಯ ಬಣ್ಣ ಒಂದೇ ಕಾಣಬೇಕು. ಅಗ್ಗದ ಟಿಎನ್ ಪ್ಯಾನೆಲ್ಲಿನ ವಿವರಪಟ್ಟಿಯಲ್ಲೂ ನೋಟದ ಕೋನ 170 ಡಿಗ್ರಿ ಎಂದೇ ಇರುತ್ತದೆ. ಆ ಅಂಕಿ ಸುಳ್ಳಲ್ಲ, ಅಳತೆಯ ನಿಯಮವೇ ಸಡಿಲ: ಬಿಳಿಗೂ ಕಪ್ಪಿಗೂ ಇರುವ ಅಂತರ 10:1ಕ್ಕೆ ಕುಸಿಯುವವರೆಗಿನ ಕೋನವನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಬಣ್ಣ ಎಷ್ಟು ಕೆಟ್ಟಿತೆಂದು ಕೇಳುವುದೇ ಇಲ್ಲ. ಆದ್ದರಿಂದ ಆ ಅಂಕಿಯನ್ನು ಓದುವುದನ್ನು ಬಿಟ್ಟು, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಎಂಬ ಪದವನ್ನು ಹುಡುಕತೊಡಗಿದೆ.

ಕಾಂಟ್ರಾಸ್ಟ್, ಅಂದರೆ ಆ ಬಿಳಿ ಕಪ್ಪಿನ ಅಂತರದ ವಿಷಯದಲ್ಲಿ ಸ್ವಲ್ಪ ತೂಗಾಡಿದೆ. ವಿಎ ಪ್ಯಾನೆಲ್ಲುಗಳಲ್ಲಿ ಸಾಮಾನ್ಯವಾಗಿ 3000:1, ಐಪಿಎಸ್‌ನಲ್ಲಿ 1000:1 ಆಸುಪಾಸು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಒಳಗಿನ ಕಡೆದ ಕಂಬಗಳ ಚಿತ್ರವೊಂದನ್ನು ನಾನೇ ತೆಗೆದದ್ದಿದೆ. ಬಳಪದ ಕಲ್ಲಿನ ನುಣುಪಿನ ಮೇಲೆ ಬಾಗಿಲಿನ ಬೆಳಕು ಸಣ್ಣ ಗೆರೆಯಾಗಿ ಬಿದ್ದು, ಉಳಿದದ್ದೆಲ್ಲ ಕತ್ತಲು. ಅಂಗಡಿಯೊಂದರಲ್ಲಿ ವಿಎ ಪರದೆಯ ಮೇಲೆ ಅದನ್ನು ತೆರೆದಾಗ ಕತ್ತಲು ನಿಜವಾಗಿಯೂ ಕತ್ತಲಾಗಿಯೇ ಇತ್ತು, ಮನಸ್ಸು ಅಲ್ಲೇ ನಿಂತಿತು. ಆದರೆ ಪಕ್ಕಕ್ಕೆ ಎರಡು ಹೆಜ್ಜೆ ಸರಿದರೆ ಕಂಬದ ಕಡುಬೂದು ಛಾಯೆಗಳು ಮಸುಕಾಗಿ ತೇಲತೊಡಗಿದವು. ಚಿಕ್ಕಮ್ಮನನ್ನೂ ಸೋದರಮಾವನನ್ನೂ ನೆನೆದು ಐಪಿಎಸ್‌ಗೇ ಮರಳಿದೆ. ಪಟ್ಟಿಯಲ್ಲಿ ಡೈನಾಮಿಕ್ ಎಂಬ ವಿಶೇಷಣದೊಂದಿಗೆ ಬರುವ 1,00,00,000:1 ಎಂಬಂಥ ಕಾಂಟ್ರಾಸ್ಟ್ ಪರದೆಯ ಹಿಂಬದಿಯ ದೀಪವನ್ನೇ ಕುಗ್ಗಿಸಿ ಹಿಗ್ಗಿಸಿ ಪಡೆದದ್ದು. ಒಂದೇ ಚಿತ್ರದೊಳಗಿನ ಕಪ್ಪು ಬಿಳುಪಿಗೂ ಅದಕ್ಕೂ ಸಂಬಂಧವಿಲ್ಲ.

ಬಣ್ಣಕ್ಕೆ ನಾನು ನೋಡುವುದು, ಪರದೆ ಎಷ್ಟು ಬಣ್ಣ ತೋರಿಸಬಲ್ಲದೆಂದು ಅಳೆಯುವ ಸಾಮಾನ್ಯ ಅಳತೆಗೋಲಾದ ಎಸ್‌ಆರ್‌ಜಿಬಿ ಶೇಕಡಾವಾರನ್ನು, ಅದು 99ರ ಹತ್ತಿರವಿರಬೇಕು. ಕೆಲವು ಪಟ್ಟಿಗಳಲ್ಲಿ ಅದರ ಬದಲು ಹಳೆಯ ಟಿವಿ ಕಾಲದ ಅಳತೆಗೋಲಿನಲ್ಲಿ ಎನ್‌ಟಿಎಸ್‌ಸಿ 72% ಎಂದಿರುತ್ತದೆ, ಅದು ವಿಸ್ತಾರದಲ್ಲಿ ಹೆಚ್ಚುಕಡಿಮೆ ಎಸ್‌ಆರ್‌ಜಿಬಿಯಷ್ಟೇ. 45% ಎಂದಿದ್ದರೆ ಮರೂನ್ ರೇಷ್ಮೆ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು ಖಚಿತ. 1.67 ಕೋಟಿ ಬಣ್ಣ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. 8 ಬಿಟ್ ಪ್ಯಾನೆಲ್ಲು ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳನ್ನು ತಾನೇ ಕೊಡುತ್ತದೆ. 6 ಬಿಟ್ ಪ್ಯಾನೆಲ್ಲು 64 ಮೆಟ್ಟಿಲುಗಳನ್ನಷ್ಟೇ ಹೊಂದಿದ್ದು, ಅಕ್ಕಪಕ್ಕದ ಛಾಯೆಗಳನ್ನು ವೇಗವಾಗಿ ಅದಲುಬದಲು ಮಾಡಿ ನಡುವಿನದನ್ನು ಕಣ್ಣಿಗೆ ತೋರಿಸುತ್ತದೆ, ಆದರೂ ಎಷ್ಟೋ ಸಲ ಎರಡರ ಪೆಟ್ಟಿಗೆಯ ಮೇಲೂ ಒಂದೇ ಸಂಖ್ಯೆ ಅಚ್ಚಾಗಿರುತ್ತದೆ. ಮುಳ್ಳಯ್ಯನಗಿರಿಯ ಬೆಳಗಿನ ಆಕಾಶದಂಥ ಚಿತ್ರದಲ್ಲಿ ಪಟ್ಟೆ ಪಟ್ಟೆ ಕಾಣಿಸಿಕೊಂಡರೆ 6 ಬಿಟ್ ಇರಬಹುದೆಂದು ಅನುಮಾನಿಸಬಹುದು.

1 ಎಂಎಸ್ (ಚುಕ್ಕೆ ಬಣ್ಣ ಬದಲಿಸಲು ಹಿಡಿಯುವ ಮಿಲಿಸೆಕೆಂಡು), 144 ಹರ್ಟ್ಸ್ (ಸೆಕೆಂಡಿಗೆ ಚಿತ್ರ ಬದಲಾಗುವ ಸಲ) ಎಂದು ದೊಡ್ಡಕ್ಷರದಲ್ಲಿ ಹಾಕಿರುವುದು ಕಂಪ್ಯೂಟರಿನಲ್ಲಿ ಆಟವಾಡುವವರಿಗೆ. ಪತ್ರಿಕೆ ಜೋಡಿಸುವವನಿಗೆ 5 ಎಂಎಸ್, 60 ಹರ್ಟ್ಸ್ ಧಾರಾಳವಾಯಿತು.

ಹೀಗೆ ಪಟ್ಟಿ ಸೋಸಿಕೊಂಡು, ಪೆನ್‌ಡ್ರೈವಿನಲ್ಲಿ ನಾಲ್ಕು ಕಡತಗಳನ್ನು ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ: ಮೇಷ್ಟ್ರ ಲಗ್ನಪತ್ರಿಕೆ, ಹಳೇಬೀಡಿನ ಕಂಬ, ಮರೂನ್ ಸೀರೆಯ ವಧು, ಕಪ್ಪಿನಿಂದ ಬಿಳಿಗೆ ಏರುವ ಬೂದು ಪಟ್ಟಿ. "ಎಲ್ಲಾ ಒಂದೇ ಸಾರ್, ಕಂಪನಿ ಹೆಸರಷ್ಟೇ ಬೇರೆ" ಎಂದ ಹುಡುಗನೇ ಪತ್ರಿಕೆಯನ್ನು ಎರಡು ಪರದೆಗಳಲ್ಲಿ ಅಕ್ಕಪಕ್ಕ ತೆರೆದ ಮೇಲೆ ಕುತ್ತಿಗೆ ಮುಂದೆ ಚಾಚಿ ನೋಡತೊಡಗಿದ. ಕೊಂಡದ್ದು 27 ಇಂಚು, 2560×1440ರ ಐಪಿಎಸ್. ಹಣ ಕೊಡುವ ಮೊದಲು ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದನ್ನೇ ಹರಡಿ ಸತ್ತ ಚುಕ್ಕೆಯಿಲ್ಲವೆಂದು ಖಾತ್ರಿ ಮಾಡಿಕೊಂಡೆ.

ನನ್ನ ಅಂಗಡಿಗೆ ತಂದ ಮೇಲೂ ಒಂದು ಪಾಠ ಬಾಕಿಯಿತ್ತು. ಮೊದಲ ಆಲ್ಬಂ ಮುದ್ರಣವಾಗಿ ಬಂದಾಗ ಮುಖಗಳೆಲ್ಲ ಕಪ್ಪಿಟ್ಟಿದ್ದವು. ಹೊಸ ಪರದೆ (ಅದರ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ) 300 ನಿಟ್‌ನಷ್ಟು ಪೂರ್ಣ ಬೆಳಕಿನಲ್ಲಿ ಉರಿಯುತ್ತಿದ್ದುದರಿಂದ ಚಿತ್ರಗಳು ಹೊಳೆಯುವಂತೆ ಕಂಡು, ನಾನೇ ಅವನ್ನು ತಗ್ಗಿಸಿಬಿಟ್ಟಿದ್ದೆ. ಮುದ್ರಣದ ಕೆಲಸಕ್ಕೆ 120 ನಿಟ್ ಆಸುಪಾಸು ಸಾಕು. ಅಳೆಯುವ ಯಂತ್ರ ನನ್ನಲ್ಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಆಲ್ಬಂ ಕಾಗದದ ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಎರಡು ಬಿಳಿಗಳೂ ಒಂದಾಗುವವರೆಗೆ ಬೆಳಕನ್ನು ಇಳಿಸಿದೆ, ಬಿಳಿ ಹಳದಿಗೆ ವಾಲಬೇಕೋ ನೀಲಿಗೆ ವಾಲಬೇಕೋ ಎಂದು ನಿರ್ಧರಿಸುವ ಬಣ್ಣದ ತಾಪವನ್ನು 6500 ಕೆಲ್ವಿನ್‌ಗೆ ಇಟ್ಟೆ. ಮರುಮುದ್ರಣ ಸರಿಯಾಗಿ ಬಂತು. ಕತ್ತಲ ಚಿತ್ರಗಳಲ್ಲಿ ಮಾತ್ರ ಪರದೆಯ ಮೂಲೆಗಳು ಐಪಿಎಸ್ ಗುಣಕ್ಕೆ ತಕ್ಕಂತೆ ಸಣ್ಣಗೆ ಬೆಳ್ಳಗಾಗುತ್ತವೆ. ಹಳೇಬೀಡಿನ ಕಂಬಗಳನ್ನು ತಿದ್ದಲು ಕುಳಿತಾಗ ಅದು ಕಡಿಮೆ ಕಾಣಲೆಂದು ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.